ಐದು ವರ್ಷದ ನಿಶ್ಚಿಂತೆಗೆ ಮೂರನೆಯ ಪುಟದ ಷರತ್ತು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು, ಕೆಟ್ಟ ಫ್ರಿಜ್ಜಿಗೆ ವಾರಂಟಿ ನಿರಾಕರಿಸಲಾಗಿದೆ ಎಂದು ಶಿವಮೊಗ್ಗದ ನನ್ನ ವಕೀಲಿ ಕಚೇರಿಗೆ ಎರಡು ಕಾಗದ ತಂದಿದ್ದರು. ಮೊದಲನೆಯದು ಫ್ರಿಜ್ಜಿನ ಎಕ್ಸ್‌ಟೆಂಡೆಡ್ ವಾರಂಟಿಯ ಕರಪತ್ರ. ಅದರಲ್ಲಿ ದಪ್ಪ ಕನ್ನಡ ಅಕ್ಷರಗಳಲ್ಲಿ ‘ಐದು ವರ್ಷ ಪೂರ್ತಿ ನಿಶ್ಚಿಂತೆ’ ಎಂದಿತ್ತು. ಎರಡನೆಯದು ಇಂಗ್ಲಿಷಿನ ಷರತ್ತುಪತ್ರ. ಸಿಡಿಲು, ವೋಲ್ಟೇಜ್ ಏರಿಳಿತ, ತೇವ ಮತ್ತು ತುಕ್ಕಿನಿಂದಾದ ಹಾನಿಗೆ ಈ ವಾರಂಟಿ ಅನ್ವಯಿಸದು ಎಂದು ಅದರ ಮೂರನೆಯ ಪುಟದಲ್ಲಿತ್ತು. ಇವು ನಾಲ್ಕನ್ನೂ ಬಿಟ್ಟರೆ ಮಲೆನಾಡಿನ ಮನೆಯಲ್ಲಿ ಫ್ರಿಜ್ಜು ಕೆಡಲು ಬೇರೆ ಕಾರಣ ಹುಡುಕಬೇಕು.

ತಯಾರಕರ ವಾರಂಟಿ ವಸ್ತುವಿನ ಬೆಲೆಯಲ್ಲೇ ಸೇರಿರುತ್ತದೆ. ಎಕ್ಸ್‌ಟೆಂಡೆಡ್ ವಾರಂಟಿಯಾದರೋ ಬೇರೆ ಹಣ ಕೊಟ್ಟು ಮಾಡಿಕೊಳ್ಳುವ ಬೇರೆಯೇ ಕರಾರು. ಎಷ್ಟೋ ಸಲ ಅದನ್ನು ಕೊಡುವವರು ತಯಾರಕರೂ ಅಲ್ಲ, ಅಂಗಡಿಯವರೂ ಅಲ್ಲ, ಮೂರನೆಯ ಕಂಪನಿ. ಆ ಹೆಸರು ಯಾವುದೆಂದು ಬಿಲ್ಲಿನಲ್ಲಿ ನೋಡದೆ ಹಣ ಕೊಡಬಾರದು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮರೆಮಾಚುವ ಜಾಹೀರಾತೂ ದಾರಿ ತಪ್ಪಿಸುವ ಜಾಹೀರಾತೇ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಇನ್ನೂ ಸ್ಪಷ್ಟವಾಗಿದೆ: ಜಾಹೀರಾತಿಗೆ ಸೇರಿಸುವ ಹಕ್ಕುನಿರಾಕರಣೆಯು (ಡಿಸ್‌ಕ್ಲೇಮರ್, ಅಂದರೆ ಭರವಸೆಗೆ ಮಿತಿ ಹಾಕುವ ಟಿಪ್ಪಣಿ) ಭರವಸೆ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಅದೇ ಅಕ್ಷರವಿನ್ಯಾಸದಲ್ಲಿ ಇರಬೇಕು, ಮುಖ್ಯ ಸಂಗತಿಯನ್ನು ಮುಚ್ಚಿಡಲಾಗಲಿ, ಸುಳ್ಳು ಭರವಸೆಯನ್ನು ತಿದ್ದಲಾಗಲಿ ಅದನ್ನು ಬಳಸುವಂತಿಲ್ಲ. ಉಲ್ಲಂಘಿಸಿದ ತಯಾರಕರಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಆದರೆ ಆ ದಂಡದಿಂದ ನಮ್ಮ ಕಕ್ಷಿದಾರರ ಫ್ರಿಜ್ಜು ರಿಪೇರಿಯಾಗುವುದಿಲ್ಲ. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬೇಕು. ಕಂಪನಿ ಎಲ್ಲೇ ಇರಲಿ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಅವಕಾಶವಿದೆ. ಇಲ್ಲೊಂದು ಸೂಕ್ಷ್ಮವಿದೆ. ಷರತ್ತೇ ಅನ್ಯಾಯದ್ದು, ಅದನ್ನು ರದ್ದುಪಡಿಸಿ ಎಂದು ಕೇಳುವುದಾದರೆ ರಾಜ್ಯ ಆಯೋಗಕ್ಕೇ, ಅಂದರೆ ಬೆಂಗಳೂರಿಗೇ ಹೋಗಬೇಕು. ಆದ್ದರಿಂದ ಇಂಥ ದೂರು ಜಿಲ್ಲಾ ಆಯೋಗದಲ್ಲೇ ನಡೆಯಲೆಂದು ಅದನ್ನು ನಾನು ಸೇವಾ ನ್ಯೂನತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದೇ ಬರೆಯುತ್ತೇನೆ.

ಆ ಬೆಳೆಗಾರರು ಕರಪತ್ರವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದು ಒಳ್ಳೆಯದಾಯಿತು. ಆದರೆ ‘ಸಿಡಿಲಿಗೆ ಬೋರ್ಡ್ ಸುಟ್ಟಿದೆ’ ಎಂದು ಮೆಕ್ಯಾನಿಕ್ ಹೇಳಿದ್ದು ಬಾಯಿಮಾತಿನಲ್ಲೇ ಉಳಿದಿತ್ತು. ಹಾನಿ ವಾರಂಟಿಗೆ ಸೇರದು ಎನ್ನುವ ಕಂಪನಿಯೇ ಅದರ ಕಾರಣವನ್ನು ಸಾಬೀತುಪಡಿಸಲಿ ಎಂಬ ನಮ್ಮ ವಾದಕ್ಕೆ ಆಧಾರ ಬೇಕಿತ್ತು. ಹೀಗಾಗಿ, ವಾರಂಟಿಯನ್ನು ಏಕೆ ನಿರಾಕರಿಸಲಾಯಿತು ಎಂಬುದನ್ನು ಕಂಪನಿಯಿಂದ ಬರವಣಿಗೆಯಲ್ಲಿ ಪಡೆದುಕೊಂಡು ಬರುವಂತೆ ಹೇಳಿ ಕಳಿಸಿದೆ.