ಟ್ರೂಮನ್ 1948: ರೈಲಿನಿಂದ ಮಾಡಿದ ಭಾಷಣಗಳನ್ನು ಓದುವುದು ಹೇಗೆ?

ಈ ಟಿಪ್ಪಣಿಯಲ್ಲಿ ‘ಕಾಂಗ್ರೆಸ್’ ಎಂದರೆ ಅಮೆರಿಕದ ಶಾಸನಸಭೆ, ನಮ್ಮಲ್ಲಿಯ ಪಕ್ಷವಲ್ಲ. ಇದು ನೆನಪಿರಲಿ, ಇಲ್ಲವಾದರೆ ಇಡೀ ವಿಷಯ ತಲೆಕೆಳಗಾಗುತ್ತದೆ.

1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ, ಆಗ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಮತ್ತೆ ಗೆಲ್ಲುತ್ತಾರೆಂದು ನಂಬಿದವರು ಕಡಿಮೆ. ಅವರ ಡೆಮಾಕ್ರಟಿಕ್ ಪಕ್ಷವೇ ಒಡೆದಿತ್ತು. ದಕ್ಷಿಣದ ಬಣ ಸ್ಟ್ರಾಮ್ ಥರ್ಮಂಡ್ ಜೊತೆ ಹೋಯಿತು, ಎಡಪಂಥೀಯರು ಹೆನ್ರಿ ವಾಲೆಸ್ ಜೊತೆ. ರಿಪಬ್ಲಿಕನ್ ಪಕ್ಷದಿಂದ ಕಣದಲ್ಲಿದ್ದವರು ನ್ಯೂಯಾರ್ಕ್ ಗವರ್ನರ್ ಥಾಮಸ್ ಡ್ಯೂಯಿ. ಆದರೂ ಟ್ರೂಮನ್ ಹೆಚ್ಚಾಗಿ ಹರಿಹಾಯ್ದದ್ದು ಡ್ಯೂಯಿಯ ಮೇಲಲ್ಲ, 1946ರಲ್ಲಿ ರಿಪಬ್ಲಿಕನ್ನರು ಬಹುಮತ ಗಳಿಸಿದ್ದ 80ನೆಯ ಕಾಂಗ್ರೆಸ್ಸಿನ ಮೇಲೆ (ಎರಡು ವರ್ಷದ ಒಂದೊಂದು ಅವಧಿಗೂ ಒಂದು ಸಂಖ್ಯೆ). ಈ ಭಾಷಣಗಳ ಕೀಲಿಕೈ ಇದೇ.

ರಿಪಬ್ಲಿಕನ್ ಪ್ರಣಾಳಿಕೆಯಲ್ಲಿ ವಸತಿ, ನಾಗರಿಕ ಹಕ್ಕುಗಳಂಥ ಭರವಸೆಗಳಿದ್ದವು. ಶಾಸನಸಭೆಯಲ್ಲಿದ್ದ ಅದೇ ಪಕ್ಷದ ಹಿರಿಯರಿಗೆ ಅವುಗಳಲ್ಲಿ ಉತ್ಸಾಹವಿರಲಿಲ್ಲ. ಟ್ರೂಮನ್ ಈ ಬಿರುಕಿಗೇ ಉಳಿ ಇಟ್ಟರು. ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆದ ತಮ್ಮ ಪಕ್ಷದ ಸಮಾವೇಶದಲ್ಲಿ, ಮಧ್ಯರಾತ್ರಿ ಕಳೆದ ಮೇಲೆ ಮಾತನಾಡುತ್ತ, ಜುಲೈ 26ಕ್ಕೆ ಕಾಂಗ್ರೆಸ್ಸಿನ ವಿಶೇಷ ಅಧಿವೇಶನ ಕರೆಯುವುದಾಗಿ ಘೋಷಿಸಿದರು. ಭರವಸೆ ನಿಜವಾದರೆ ಈಗಲೇ ಕಾನೂನು ಮಾಡಿ ತೋರಿಸಿ ಎಂಬುದು ಸವಾಲು. ಅಧಿವೇಶನ ಎರಡು ವಾರವೂ ನಡೆಯದೆ, ಹೆಚ್ಚೇನೂ ಮಾಡದೆ ಮುಗಿಯಿತು. ಟ್ರೂಮನ್ ಕೊಟ್ಟ ‘ಏನೂ ಮಾಡದ ಕಾಂಗ್ರೆಸ್’ ಎಂಬ ಬಿರುದಿಗೆ ಪುರಾವೆ ಸಿಕ್ಕಿತು.

ಆಮೇಲೆ ರೈಲು ಪ್ರವಾಸ. ಸಣ್ಣ ಸಣ್ಣ ನಿಲ್ದಾಣಗಳಲ್ಲಿ ಹಿಂದಿನ ಬೋಗಿಯ ಕಟಕಟೆಗೆ ಆತುಕೊಂಡು ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದು ಸೆಪ್ಟೆಂಬರ್ 18ರಂದು ಅಯೋವಾದ ಡೆಕ್ಸ್ಟರ್‌ನಲ್ಲಿ, ಉಳುಮೆ ಸ್ಪರ್ಧೆಗೆ ನೆರೆದ ರೈತರ ಮುಂದೆ ಮಾಡಿದ ಭಾಷಣ. ಈ ಕಾಂಗ್ರೆಸ್ ರೈತನ ಬೆನ್ನಿಗೆ ಕವೆಗೋಲು ಚುಚ್ಚಿದೆ ಎಂದರು. ಕೇವಲ ಬೈಗುಳವಲ್ಲ ಇದು. ಬೆಂಬಲ ಬೆಲೆಯ ಸಾಲ ಸಿಗಬೇಕಾದರೆ ಧಾನ್ಯವನ್ನು ಸರಿಯಾದ ಕಣಜದಲ್ಲಿ ಇಡಬೇಕಿತ್ತು; ಸರ್ಕಾರಿ ನಿಗಮ ಹೊಸ ಕಣಜಗಳನ್ನು ಒದಗಿಸದಂತೆ ಆ ವರ್ಷವೇ ಕಾಂಗ್ರೆಸ್ ಅದರ ಕೈ ಕಟ್ಟಿಹಾಕಿತ್ತು. ಬೆಳೆ ಭರಪೂರ ಬಂದಿತ್ತು, ಇಡಲು ಜಾಗವಿಲ್ಲ. ರೈತ ಸಿಕ್ಕ ಬೆಲೆಗೆ ಮಾರಲೇಬೇಕು.

ಆದರೆ ಬಿರುದನ್ನು ಇತಿಹಾಸವೆಂದು ಬರೆಯಬೇಡಿ. ಯುದ್ಧದಿಂದ ನಲುಗಿದ ಯುರೋಪಿಗೆ ನೆರವು ನೀಡುವ ಮಾರ್ಷಲ್ ಯೋಜನೆಗೆ ಒಪ್ಪಿಗೆ ಕೊಟ್ಟದ್ದು ಇದೇ ಕಾಂಗ್ರೆಸ್. ಟ್ರೂಮನ್ ಅವರ ವೀಟೊ (ಅಧ್ಯಕ್ಷರ ತಡೆ) ಮೀರಿ ಕಾರ್ಮಿಕ ಸಂಘಗಳಿಗೆ ಮೂಗುದಾರ ಹಾಕಿದ ಟಾಫ್ಟ್-ಹಾರ್ಟ್ಲಿ ಕಾಯಿದೆಯೂ ಇದರದೇ. ಅಕ್ಟೋಬರ್ 25ರ ಷಿಕಾಗೊ ಭಾಷಣದಲ್ಲಿ ಟ್ರೂಮನ್ ಹಿಟ್ಲರ್, ಮುಸೊಲಿನಿಯರ ಹೆಸರನ್ನೂ ಎಳೆದು ತಂದದ್ದು ಅನ್ಯಾಯವೆಂದೇ ನನಗೆ ಅನ್ನಿಸುತ್ತದೆ.

ಫಲಿತಾಂಶ: ಟ್ರೂಮನ್‌ಗೆ 303 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯವಾರು ಲೆಕ್ಕ ಹಾಕುವ ಮತ), ಡ್ಯೂಯಿಗೆ 189. 1944ರಲ್ಲಿ ಡ್ಯೂಯಿಯನ್ನು ಆರಿಸಿದ್ದ ಅಯೋವಾ ಈ ಸಲ ಟ್ರೂಮನ್ ಪಾಲಾಯಿತು.