ಬಳ್ಳಾರಿಯ ಕಮಲಾಕುಮಾರಿ ಮದ್ರಾಸಿಗೆ ಯಾಕೆ ಹೋದಳು?

2021ರ ಜುಲೈ 26. ಬಳ್ಳಾರಿಯ ಮಿರ್ಚಿ ಅಂಗಡಿಯೊಂದರಲ್ಲಿ ಮಂಡಕ್ಕಿ ಒಗ್ಗರಣಿ ತಟ್ಟೆ ಹಿಡಿದು ನಿಂತಿದ್ದೆ. ಟಿವಿಯಲ್ಲಿ ನಟಿ ಜಯಂತಿ ತೀರಿಕೊಂಡ ಸುದ್ದಿ. ಹುಟ್ಟೂರು ಬಳ್ಳಾರಿ ಅಂತ ಕೆಳಗೆ ಅಕ್ಷರ ಓಡಿತು. ಎಣ್ಣೆಯಿಂದ ಮಿರ್ಚಿ ಎತ್ತುತ್ತಿದ್ದ ಅಂಗಡಿಯವರು ಜಾಲರಿ ಸೌಟು ಹಿಡಿದುಕೊಂಡೇ ತಿರುಗಿದರು. "ಆಕಿ ನಮ್ಮೂರಾಕಿ ಏನ್ರಿ? ನಾ ಮೈಸೂರು ಕಡೆಯಾಕಿ ಅನ್ಕಂಡಿದ್ದೆ."

ಅವರ ತಪ್ಪೇನಿಲ್ಲ. ಜಯಂತಿ ಬಳ್ಳಾರಿಯಲ್ಲಿ ಉಳಿದಿದ್ದೇ ಕಡಿಮೆ. 1945ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಕಮಲಾಕುಮಾರಿ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಊರು ಮೈಸೂರು ರಾಜ್ಯಕ್ಕೆ ಬಂದಿದ್ದು 1953ರ ಅಕ್ಟೋಬರ್ 1ರಂದು. ಅಲ್ಲಿಯವರೆಗೆ ನಮ್ಮವರಿಗೆ ರಾಜಧಾನಿ ಅಂದರೆ ಮದ್ರಾಸೇ. ಜಯಂತಿಯ ಅಪ್ಪ ಬೆಂಗಳೂರಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅಪ್ಪ ಅಮ್ಮ ಬೇರೆಯಾದ ಮೇಲೆ ಅಮ್ಮ ಮಕ್ಕಳನ್ನು ಕರೆದುಕೊಂಡು ಮದ್ರಾಸಿಗೆ ಹೋದರು. ಮಗಳು ನೃತ್ಯಗಾತಿ ಆಗಲಿ ಅನ್ನೋದು ಅವರ ಆಸೆ.

ಕನ್ನಡ ಸಿನಿಮಾ ಕೂಡ ಆಗ ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿತ್ತು. ನೃತ್ಯದ ರಿಹರ್ಸಲ್ ಒಂದರಲ್ಲಿ ನಿರ್ದೇಶಕ ವೈ.ಆರ್. ಸ್ವಾಮಿ ಈ ಹುಡುಗಿಯನ್ನು ನೋಡಿದರು. 1963ರ 'ಜೇನುಗೂಡು' ಚಿತ್ರಕ್ಕೆ ಕರೆದರು, ಜಯಂತಿ ಅಂತ ಹೆಸರನ್ನೂ ಇಟ್ಟರು. ಹುಡುಗಿಗೆ ಆಗ ಹದಿನೆಂಟು.

ಎರಡೇ ವರ್ಷಕ್ಕೆ 'ಮಿಸ್ ಲೀಲಾವತಿ' ಬಂತು. ನಾಯಕಿ ಅಂದರೆ ಸೀರೆ, ತಲೆ ತುಂಬ ಹೂವು, ಕಣ್ಣೀರು ಅಂತಿದ್ದ ಕಾಲ. ಜಯಂತಿ ಸ್ಕರ್ಟ್ ಹಾಕಿದರು, ಟೀ ಶರ್ಟ್ ಹಾಕಿದರು, ಈಜುಡುಗೆಯಲ್ಲೂ ಕಾಣಿಸಿಕೊಂಡರು. ಜನ ಇವತ್ತಿಗೂ ಆ ಈಜುಡುಗೆಯನ್ನೇ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಧೈರ್ಯ ಕಾಣೋದು 1973ರ 'ಎಡಕಲ್ಲು ಗುಡ್ಡದ ಮೇಲೆ' ಚಿತ್ರದ ಮಾಧವಿಯಲ್ಲಿ. ಗಂಡನಿದ್ದೂ ಇನ್ನೊಬ್ಬನ ಕಡೆ ವಾಲುವ ಹೆಂಗಸು. ಬೈಯೋದಕ್ಕೂ ಆಗದ, ಮರುಗಿ ಸುಮ್ನಾಗೋದಕ್ಕೂ ಆಗದ ಪಾತ್ರ. ರಾಜ್ಯ ಪ್ರಶಸ್ತಿಯೂ ಬಂತು.

ಹಾಗಾದರೆ ಬಳ್ಳಾರಿಯಲ್ಲಿ ಹೆಣ್ಣುಮಕ್ಕಳಿಗೆ ಬಣ್ಣ ಹಚ್ಚೋಕೆ ಜಾಗವೇ ಇರಲಿಲ್ವಾ? ಇತ್ತಲ್ಲ! ವಕೀಲರಾಗಿದ್ದ ನಟ ಬಳ್ಳಾರಿ ರಾಘವ 1946ರಲ್ಲಿ ತೀರಿಕೊಂಡರು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ಹಟ ಹಿಡಿದವರು ಅವರು. ಗಂಡಸರೇ ಸೀರೆ ಉಟ್ಟು ರಂಗಕ್ಕೆ ಬರುತ್ತಿದ್ದ ಕಾಲ ಅದು. ಮುಂದೆ ರಂಗನಟಿ ಸುಭದ್ರಮ್ಮ ಮನ್ಸೂರ್ ಬಂದರು. 'ರಕ್ತರಾತ್ರಿ' ನಾಟಕದ ದ್ರೌಪದಿ ಅಂದರೆ ಅವರೇ. ಹಾಡು, ಮಾತು ಎರಡೂ ಅವರದ್ದೇ ಗಂಟಲು. ಡಬ್ಬಿಂಗ್ ಇಲ್ಲ, ಎರಡನೇ ಟೇಕ್ ಇಲ್ಲ.

ಆದರೆ ರಂಗದಿಂದ ತೆರೆಗೆ ಹೋಗುವ ದಾರಿ ಮಾತ್ರ ಊರೊಳಗೆ ಇರಲಿಲ್ಲ. 1960ರ ದಶಕದ ಕೊನೆಗೆ ರಾಜ್ಯದಲ್ಲೇ ತಯಾರಾದ ಚಿತ್ರಕ್ಕೆ ಸರ್ಕಾರ ಸಹಾಯಧನ ಕೊಡತೊಡಗಿತು. ಉದ್ಯಮ ನಿಧಾನಕ್ಕೆ ಬೆಂಗಳೂರಿಗೆ ಬಂತು. ನಮ್ಮ ಕಡೆಯ ಹುಡುಗಿ ಹತ್ತಬೇಕಾದ ರೈಲು ಬದಲಾಯಿತು, ಅಷ್ಟೇ. ಅಲ್ಲಿ ಹೋದ ಮೇಲೆ ಇನ್ನೊಂದು ತೊಡಕು: ಮಾತು. 'ಹೊಂಟೀನಿ', 'ಬರಾಕತ್ತೀನಿ' ಅಂದರೆ ಅದು ಕಾಮಿಡಿ ಪಾತ್ರದ ಭಾಷೆ. ನಾಯಕಿ 'ಹೋಗ್ತಿದ್ದೀನಿ' ಅನ್ನಬೇಕು.

ಒಗ್ಗರಣಿ ಮುಗಿಸಿ ದುಡ್ಡು ಕೊಡುವಾಗ ಸುಭದ್ರಮ್ಮನ ಮಾತು ತೆಗೆದೆ. ಅವರು ತೀರಿಕೊಂಡಿದ್ದು ಅದರ ಹಿಂದಿನ ಜುಲೈನಲ್ಲಿ, 2020ರಲ್ಲಿ. ಅಂಗಡಿಯವರು ಚಿಲ್ಲರೆ ಎಣಿಸೋದು ನಿಲ್ಲಿಸಿದರು. "ಸುಭದ್ರಮ್ಮನ್ನ ಟಿವಿ ನೋಡಿ ತಿಳ್ಕಾಬೇಕೇನ್ರಿ?" ಅಂದರು.