ಬಟನ್ ಜಾಸ್ತಿ ಇದ್ದರೆ ಅಡುಗೆ ಸುಲಭ ಆಗುತ್ತಾ?

ಪ್ರಶ್ನೆ: ಹೊಸ ಮನೆಗೆ ಇಂಡಕ್ಷನ್ ಒಲೆ, ಮಿಕ್ಸಿ, ರೈಸ್ ಕುಕ್ಕರ್ ತಗೋಬೇಕು. ಅಂಗಡಿಯವರು ಹತ್ತು ಮೆನು ಇರೋದನ್ನೇ ತೋರಿಸುತ್ತಾರೆ. ಅಮ್ಮ ಸಾದಾದ್ದೇ ಸಾಕು ಅನ್ನುತ್ತಾರೆ. ಯಾವುದು ಸರಿ? (ತುಮಕೂರಿನ ಓದುಗರು)

ಬಹುಪಾಲು ನಿಮ್ಮ ಅಮ್ಮ ಹೇಳಿದ್ದೇ ಸರಿ. ಆದರೆ ಮೂರಕ್ಕೂ ಒಂದೇ ಉತ್ತರ ಇಲ್ಲ. ಕೊಡುವ ಹೆಚ್ಚಿನ ದುಡ್ಡಿಗೆ ಹೊಸ ಭಾಗ ಸಿಗುತ್ತಾ, ಬಟನ್ ಮೇಲೆ ಹೊಸ ಹೆಸರು ಮಾತ್ರ ಸಿಗುತ್ತಾ ಅಂತ ನೋಡಿ.

ಇಂಡಕ್ಷನ್ ಒಲೆ ತಗೊಳ್ಳಿ. ಮೇಲೆ ದೋಸೆ, ಹಾಲು, ಸಾಂಬಾರ್ ಅಂತ ಬರೆದಿರುತ್ತದೆ. ಒಳಗಿರುವುದು ಒಂದೇ ತಾಮ್ರದ ಸುರುಳಿ. ಸಾಮಾನ್ಯವಾಗಿ ಆ ಬಟನ್‌ಗಳು ಇಷ್ಟು ವ್ಯಾಟ್, ಇಷ್ಟು ಹೊತ್ತು ಅಂತ ಮೊದಲೇ ಇಟ್ಟ ಲೆಕ್ಕ, ಅಷ್ಟೇ. ಪ್ಲಸ್, ಮೈನಸ್ ಎರಡರಲ್ಲೇ ಅದೆಲ್ಲ ಆಗುತ್ತದೆ. ನಮ್ಮ ಮನೆಯ ಟಚ್ ಒಲೆ ಒದ್ದೆ ಕೈಗೆ ಕೇಳುತ್ತಲೇ ಇರಲಿಲ್ಲ. ಅಡುಗೆ ಮಾಡುವಾಗ ಕೈ ಒದ್ದೆ ಇರದೆ ಇನ್ನೇನಿರುತ್ತದೆ? ಒತ್ತುವ ಬಟನ್ ಇರೋದನ್ನೇ ಕೇಳಿ. ಇನ್ನು ಮುದ್ದೆ. ಸಾದಾ ಅಲ್ಯೂಮಿನಿಯಂ ಪಾತ್ರೆ ಇಂಡಕ್ಷನ್ ಮೇಲೆ ಕಾಯುವುದಿಲ್ಲ, ತಳಕ್ಕೆ ಮ್ಯಾಗ್ನೆಟ್ ಅಂಟಬೇಕು. ತೊಳಸುವಾಗ ಪಾತ್ರೆ ಗಾಜಿನ ಮೇಲೆ ಜಾರುತ್ತದೆ. ಕೆಳಗಿಳಿಸಿ, ಕವೆಗೋಲು ಕೊಟ್ಟು ತೊಳಸಿ.

ಮಿಕ್ಸಿಯ ವಿಷಯ ಬೇರೆ. ಒಂದು ಹಿಡಿ ಹುಚ್ಚೆಳ್ಳನ್ನು ದೊಡ್ಡ ಜಾರಿಗೆ ಹಾಕಿದರೆ ಸುತ್ತ ಹಾರಿ ಅಂಟಿಕೊಳ್ಳುತ್ತದೆ, ಬ್ಲೇಡಿಗೆ ಸಿಗುವುದೇ ಇಲ್ಲ. ಚಿಕ್ಕ ಚಟ್ನಿ ಜಾರ್ ಬೇಕೇ ಬೇಕು. ಸ್ಪೀಡಿಗೆ ಮೂರು ಗುರುತಿನ ತಿರುಗಿಸುವ ನಾಬ್ ಸಾಕು. ಅಂದಹಾಗೆ, ರುಬ್ಬುತ್ತಾ ರುಬ್ಬುತ್ತಾ ಮಿಕ್ಸಿ ನಿಂತುಹೋದರೆ ಗಾಬರಿ ಬೇಡ. ಪ್ಲಗ್ ತೆಗೆದು, ಸ್ವಲ್ಪ ಆರಲು ಬಿಟ್ಟು, ತಳದಲ್ಲಿರುವ ಚಿಕ್ಕ ಕೆಂಪು ಬಟನ್ ಒತ್ತಿ ನೋಡಿ. ಮೋಟಾರ್ ಸುಟ್ಟುಹೋಗದಿರಲಿ ಅಂತಲೇ ಅದನ್ನು ಇಟ್ಟಿರುತ್ತಾರೆ.

ನನಗೆ ತುಂಬಾ ಇಷ್ಟವಾದದ್ದು ಸಾದಾ ರೈಸ್ ಕುಕ್ಕರ್. ತಾನೇ ಆಫ್ ಆಗುವ ಕುಕ್ಕರನ್ನು ಜಪಾನಿನ ತೋಷಿಬಾ 1955ರಲ್ಲೇ ಮಾರಾಟಕ್ಕೆ ತಂದಿತ್ತು. ಈಗಿನ ಒಂದೇ ಸ್ವಿಚ್ಚಿನ ಕುಕ್ಕರಿನ ತಳದಲ್ಲಿ ಒಂದು ಮ್ಯಾಗ್ನೆಟ್, ಒಂದು ಸ್ಪ್ರಿಂಗ್ ಇರುತ್ತವೆ. ನೀರು ಇರುವ ತನಕ ಪಾತ್ರೆಯ ತಳ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕಿ ನೀರನ್ನೆಲ್ಲ ಕುಡಿದ ಮೇಲೆ ಬಿಸಿ ಅದಕ್ಕಿಂತ ಏರುತ್ತದೆ. ಆಗ ಅಲ್ಲಿರುವ ಲೋಹ ಮ್ಯಾಗ್ನೆಟ್ಟಿನ ಹಿಡಿತ ಬಿಡುತ್ತದೆ, ಸ್ಪ್ರಿಂಗ್ ತಳ್ಳುತ್ತದೆ, ಸ್ವಿಚ್ ಟಕ್ ಅಂತ ಮೇಲೇಳುತ್ತದೆ. ಒಂದು ಲೋಟ ಅಕ್ಕಿಯಾದರೂ ನಾಲ್ಕಾದರೂ ಅನ್ನ ಆದದ್ದು ಅದಕ್ಕೆ ಗೊತ್ತಾಗುತ್ತದೆ. ದಿನಾ ಬರೀ ಅನ್ನಕ್ಕೆ ಇದಕ್ಕಿಂತ ಹೆಚ್ಚೇನೂ ಬೇಡ.

ಕುಕ್ಕರಿನಲ್ಲಿ, ಒಲೆಯಲ್ಲಿ ಉಳಿದ ದುಡ್ಡನ್ನು ಒಂದು ಕಲ್ಲಿನ ಗ್ರೈಂಡರಿಗೆ ಸೇರಿಸಿ. ಕಲ್ಲು ನಿಧಾನ ತಿರುಗುವುದರಿಂದ ಹಿಟ್ಟು ಮಿಕ್ಸಿಯಲ್ಲಿ ಆದಷ್ಟು ಬಿಸಿಯಾಗುವುದಿಲ್ಲ, ಉದ್ದು ಚೆನ್ನಾಗಿ ಉಬ್ಬುತ್ತದೆ. ಅದಕ್ಕೂ ಒಂದೇ ಸ್ವಿಚ್.